ಗಂಡನ ಹೆಸರು ಹೇಳಿದ ದುರ್ಗಮ್ಮ

ಮಂಕಿಯ ದುರ್ಗಮ್ಮನ ಬಾಯಿ ಸುಮಾರಿನದಲ್ಲ. ಹೊನ್ನಾವರದ ಮೀನುಪೇಟೆಯಲ್ಲಿ ಅವಳ ಬುಟ್ಟಿಯ ಬಂಗಡೆಯನ್ನು ಎತ್ತಿ ಮೂಸಿ ನೋಡಿದ ಗಿರಾಕಿಗೆ, ಮೊದಲು ನಿನ್ನ ಮೂಗು ತೊಳೆದುಕೊಂಡು ಬಾ ಎಂದು ಹೇಳಿ ಕಳಿಸಿದವಳು. ಅಂಥ ಬಾಯಿಂದ ಮದುವೆಯಾದಂದಿನಿಂದ ಒಂದು ಹೆಸರು ಮಾತ್ರ ಹೊರಬಿದ್ದಿರಲಿಲ್ಲ. ಅದು ಗಂಡನದು. ಅವಳ ಕೇರಿಯಲ್ಲಿ ಯಾವ ಹೆಂಗಸೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ. ಕಡಲಿಗೆ ಇಳಿಯುವವನ ಆಯುಷ್ಯವೋ ಮೊದಲೇ ತೆಳು. ರೇಶನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವಳಿಂದ ಹೇಳಿಸುವುದು, ಪಕ್ಕದವಳಿಲ್ಲದಿದ್ದರೆ ಕಾರ್ಡಿನ ಮೇಲೆ ಬೆರಳಿಟ್ಟು ನಗುವುದು. ಹಾಗೇ ನಡೆದುಕೊಂಡು ಬಂದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆಯಾದದ್ದು ಎಪ್ಪತ್ತೆಂಟರ ಬೇಸಿಗೆಯಲ್ಲಿ. ಅವಳ ಗಂಡ ದಾಸ, ಹತ್ತಾರು ಮಂದಿ ಹಗ್ಗ ಹಿಡಿದು ದಡಕ್ಕೆ ತರುವ ರಂಪಣಿ ಬಲೆ ಎಳೆಯುವಾಗ ಚಿಪ್ಪು ತುಳಿದು ಕಾಲು ಸೀಳಿಕೊಂಡಿದ್ದ. ಮನೆಮದ್ದೆಲ್ಲ ಮುಗಿದು, ಗಾಯ ಕೀವುಗಟ್ಟಿ ಜ್ವರ ಬಂದ ಮೇಲೆ ಪೇಟೆಯ ಒಂದು ಧರ್ಮಾಸ್ಪತ್ರೆಗೆ ಸೇರಿಸಿದರು. ಉಳ್ಳವರು ಕೂಡಿ ಕಟ್ಟಿಸಿದ ಆಸ್ಪತ್ರೆ ಅದು, ಈಗಿಲ್ಲ. ಗೋಡೆಯ ಕಲ್ಲಿನ ಮೇಲೆ ದಾನಿಗಳ ಹೆಸರು ಸಾಲುಗಟ್ಟಿತ್ತು. ವಾರ್ಡಿನಲ್ಲಿ ನರ್ಸುಗಳಿಗೆ ಬರಗಾಲ. ಗಂಡಸರ ವಾರ್ಡು, ಹೆಂಗಸರ ವಾರ್ಡು, ಬಾಣಂತಿಯರ ಕೋಣೆ ಎಲ್ಲಕ್ಕೂ ಮಧ್ಯಾಹ್ನದ ಪಾಳಿಯಲ್ಲಿ ಮಂಗಲಾ ಒಬ್ಬಳೇ. ಸಂತೆಗುಳಿಯ ಕೂಲಿಯವರ ಮನೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ.

ದಾಸನಿಗೆ ಕೊಟ್ಟದ್ದು ಗೋಡೆಯ ಬದಿಯ ಮಂಚ. ಹುಟ್ಟಿದಾಗಿನಿಂದ ಕಡಲ ಗಾಳಿ ಕುಡಿದವನಿಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ಕಿಟಕಿಯ ಬದಿಗಿದ್ದವನು ಹೊಳನಗದ್ದೆಯ ಬೀರಪ್ಪ, ಗದ್ದೆ ಮಾಡುವವನು, ಸಕ್ಕರೆ ಕಾಯಿಲೆಯವನು. ಅವನಿಗೆ ಆ ಗಾಳಿಯೇ ಬೇಡವಾಗಿತ್ತು, ಮೈ ನಡುಗುತ್ತದೆ ಎನ್ನುತ್ತಿದ್ದ. ಇಬ್ಬರೂ ಮಾತಾಡಿಕೊಂಡರು, ಚಾದರ ಚೊಂಬು ಎತ್ತಿಕೊಂಡು ಮಂಚ ಅದಲುಬದಲು ಮಾಡಿಕೊಂಡರು. ಇದನ್ನು ಯಾರಿಗಾದರೂ ಹೇಳಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ದೋಣಿಯಲ್ಲಿ ಜಾಗ ಬದಲಿಸಿ ಕೂತರೆ ಯಾರಪ್ಪಣೆ ಕೇಳುತ್ತಾರೆ? ಆದರೆ ರೋಗಿಯ ಚೀಟಿ ಸಿಕ್ಕಿಸಿದ ಹಲಗೆ ಮಂಚದ ಕಾಲಿಗೆ ತೂಗುತ್ತಿತ್ತು. ಅದು ಮಂಚದ ಜೊತೆಗೇ ಉಳಿಯಿತು.

ಊಟಕ್ಕೆ ಮೊದಲು ಮಂಗಲಾ ಸೂಜಿಯ ತಟ್ಟೆ ಹಿಡಿದು ಬಂದಳು. ಬಾಣಂತಿ ಕೋಣೆಯಿಂದ ಯಾರೋ ಕೂಗುತ್ತಿದ್ದರು. ದಾಸ ಮುಸುಕು ಹಾಕಿ ಮಲಗಿದ್ದ. ಮಂಗಲಾ ಕೆಲಸ ಕದಿಯುವವಳಲ್ಲ, ಕೇಳಿದಳು: ಇವರ ಹೆಸರೇನು? ಮಂಚದ ಪಕ್ಕ ಕೂತಿದ್ದ ದುರ್ಗಮ್ಮ ಸೆರಗಿನ ತುದಿ ಬಾಯಿಗೆ ಹಿಡಿದು ನಕ್ಕಳು. ರೇಶನ್ ಅಂಗಡಿಯಲ್ಲಿ ಮಾಡುವಂತೆಯೇ ಮಾಡಿದಳು. ಮಂಚದ ಕಾಲಿನ ಹಲಗೆಯ ಕಡೆ ಬೆರಳು ತೋರಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಹಲಗೆಯಲ್ಲಿ ಬೀರಪ್ಪ ಎಂದಿತ್ತು. ಬೀರಪ್ಪನ ಸಕ್ಕರೆ ಇಳಿಸುವ ಸೂಜಿ ದಾಸನ ತೋಳಿಗೆ ಹೋಯಿತು.

ತುಸು ಹೊತ್ತಿನಲ್ಲಿ ದಾಸನ ಮೈ ಬೆವರಿ ತೊಯ್ದು ಹೋಯಿತು. ಜ್ವರ ಬಿಡುತ್ತಿದೆ ಎಂದು ದುರ್ಗಮ್ಮ ಸಮಾಧಾನ ಪಟ್ಟಳು. ಆಮೇಲೆ ಅವನು ನಡುಗುತ್ತ, ಇಲ್ಲದ ದೋಣಿಗೆ ಹಗ್ಗ ಎಸೆಯಿರಿ ಎಂದು ಬಡಬಡಿಸತೊಡಗಿದ. ಅವಳು ಕೂಗಿದ ಕೂಗಿಗೆ ಡಾಕ್ಟರು ಊಟದ ಕೈಯಲ್ಲೇ ಓಡಿಬಂದರು. ಹಲಗೆಯ ಹೆಸರು ಓದಿ, ಮಲಗಿದವನ ಮುಖ ನೋಡಿ, ಸೂಜಿ ಅದಲುಬದಲಾಗಿದೆ ಎಂದು ತಿಳಿದು ನರಕ್ಕೆ ಗ್ಲೂಕೋಸು ಕೊಟ್ಟರು. ದಾಸ ಕಣ್ಣು ಬಿಟ್ಟ. ಬದುಕಿದ.

ಮಾರನೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಮಂಕಿಯ ಗಂಡಸರು ತುಂಬಿದ್ದರು. ಮುಂದೆ ನಿಂತವನು ದಾಸನ ಅಣ್ಣ, ಸಣ್ಣ ಎಂಬವನು. ಸೂಜಿ ಚುಚ್ಚಿದವಳನ್ನು ಹೊರಗೆ ಹಾಕಬೇಕು, ಇಲ್ಲದಿದ್ದರೆ ನಾವೇ ಹಾಕುತ್ತೇವೆ ಎಂಬುದು ಅವರ ಬೇಡಿಕೆ. ಜಗಲಿಯ ಮೇಲೆ ಆಸ್ಪತ್ರೆಯ ಕಾರ್ಯದರ್ಶಿ ತ್ರ್ಯಂಬಕ ಭಟ್ಟರು. ಅವರದೂ ಅದೇ ಮಾತು, ಸಂಜೆಯೊಳಗೆ ಕಳಿಸುತ್ತೇವೆ ಎಂದರು. ಘೋಷಣೆ ಕೂಗುವವರಿಗೂ ಯಜಮಾನಿಕೆಯವರಿಗೂ ಇಷ್ಟು ಬೇಗ ಒಮ್ಮತವಾದರೆ ಒಂದು ತಿಳಿದುಕೊಳ್ಳಬೇಕು: ಅಲ್ಲಿ ಯಾರೋ ಬಡವರ ತಲೆ ಉರುಳಲಿದೆ. ಹುಡುಗಿ ಹೋದರೆ ವಿಷಯ ಮುಗಿಯುತ್ತದೆ, ಇನ್ನೊಬ್ಬ ನರ್ಸನ್ನು ಇಡುವ ಪ್ರಶ್ನೆ ಏಳುವುದಿಲ್ಲ. ಮಂಗಲಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಅವಳ ಟ್ರಂಕು ಆಗಲೇ ಪಕ್ಕದಲ್ಲಿತ್ತು.

ದುರ್ಗಮ್ಮ ಇದನ್ನೆಲ್ಲ ವಾರ್ಡಿನ ಕಿಟಕಿಯಿಂದ ನೋಡುತ್ತಿದ್ದಳು. ರಾತ್ರಿಯಿಡೀ ಅವಳನ್ನು ತಿಂದದ್ದು ಒಂದೇ. ಆ ಹುಡುಗಿ ಕೇಳಿದ್ದಳು. ಈಗ ಬಾಯಿ ಮುಚ್ಚಿಕೊಂಡರೆ ಕೇಳುವವರು ಯಾರೂ ಇಲ್ಲ. ಕೇರಿಯಲ್ಲಿ ಮಾನವೂ ಉಳಿಯುತ್ತದೆ. ಬಾಯಿ ಬಿಟ್ಟರೆ ಹುಡುಗಿಯ ಅನ್ನ ಉಳಿಯಬಹುದು, ತನ್ನದು ಕೇರಿಯಲ್ಲಿ ಏನಾಗುತ್ತದೋ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಬಂದಳು.

"ಭಾವ, ಆ ಹುಡ್ಗಿ ನನ್ನ ಹತ್ರ ಇವ್ರ ಹೆಸ್ರು ಕೇಳ್ತು. ನಾನು ಹೇಳಲಿಲ್ಲ. ಹಲಗೆ ತೋರಿಸ್ದೆ."

ನೀನು ಒಳಗೆ ಹೋಗು, ಇದು ಹೆಂಗಸರ ಮಾತಲ್ಲ ಎಂದ ಸಣ್ಣ.

"ಮಂಚ ಬದಲ್ಸದವ ನಿಮ್ಮ ತಮ್ಮ. ಬಾಯಿ ಮುಚ್ಕಂಡವ್ಳು ನಾನು. ಮೂರು ಕಡೆ ಕೆಲ್ಸಕ್ಕೆ ಒಬ್ಳನ್ನೇ ಓಡ್ಸದವ್ರು ಈ ಒಡೇರು. ರಂಪಣಿ ಹಗ್ಗ ತುಂಡಾದ್ರೆ ಕಡೆಗೆ ಹಿಡ್ದವನ ಕೈ ಕಡೀತ್ರ್ಯಾ ನೀವು? ಹಗ್ಗ ನೋಡ್ತ್ರಿ, ಎಲ್ಲಿ ಸವೆದದೆ ಅಂತ."

ಭಟ್ಟರು ನಡುವೆ ಬಾಯಿ ಹಾಕಿ, ಹೆಸರು ಕೇಳಿದಾಗ ಹೇಳಲು ಏನು ಧಾಡಿ ಎಂದು ಗದರಿಸಿದರು. ದುರ್ಗಮ್ಮ ಅವರ ಕಡೆ ತಿರುಗಿದಳು. ಮೀನುಪೇಟೆಯ ಗಂಟಲನ್ನು ಪೂರ್ತಿ ತೆರೆದಳು.

"ದಾಸ. ನನ್ನ ಗಂಡನ ಹೆಸ್ರು ದಾಸ. ನಿನ್ನೆ ಹೇಳ್ಬೇಕಾಗಿತ್ತು, ಇವತ್ತು ಹೇಳ್ದೆ. ಈ ಹುಡ್ಗೀನ ಕಳ್ಸಿರೆ ನಾಳೆ ಬರೂ ಹುಡ್ಗೀನೂ ಹಲಗೇನೇ ನೋಡ್ತದೆ, ಒಡೆಯಾ. ಆಗ ಯಾರ ಗಂಡ ಸಾಯ್ತಾನೋ."

ಮಂಕಿಯವರು ಕಾಲಬೆರಳು ನೋಡಿಕೊಂಡರು. ಆಗ ಡಾಕ್ಟರು ಮಾತಾಡಿದರು. ಇಂಥದು ಇದೇ ಮೊದಲಲ್ಲ, ಹಿಂದೆಯೂ ಆಗಿದೆ, ಕೆಲಸ ಹೋಗುವ ಹೆದರಿಕೆಗೆ ಯಾರೂ ಹೇಳಿಲ್ಲ, ಹೇಳದ್ದರಿಂದಲೇ ತಿದ್ದಲಾಗಲಿಲ್ಲ ಎಂದರು. ಇಷ್ಟು ಹೇಳಲು ಅವರಿಗೆ ಒಬ್ಬ ಮೀನು ಮಾರುವವಳು ಮೊದಲು ಬಾಯಿ ತೆರೆಯಬೇಕಾಯಿತು. ತಡವಾದರೂ ಹೇಳಿದರಲ್ಲ, ಸರಿ. ಸಣ್ಣ ಕ್ಯಾಕರಿಸಿ ಉಗುಳಿ ನಡೆದ. ಆದರೆ ಅವನ ಹಿಂದಿದ್ದವರಲ್ಲಿ ಬಹಳ ಮಂದಿ ಅಲ್ಲೇ ನಿಂತರು. ಬೇಡಿಕೆ ಬದಲಾಯಿತು: ಹುಡುಗಿ ಇರಲಿ, ಇನ್ನೊಬ್ಬಳು ಬರಲಿ.

ಭಟ್ಟರು ಮಳೆಗಾಲದವರೆಗೆ ಜಗ್ಗಾಡಿ ಕೊನೆಗೆ ಒಪ್ಪಿದರು. ಚೀಟಿ ಮಂಚದ ಕಾಲು ಬಿಟ್ಟು ರೋಗಿಯ ಮಣಿಕಟ್ಟಿಗೆ ಬಂತು, ಬಟ್ಟೆಯ ಪಟ್ಟಿಯಲ್ಲಿ ಹೊಲಿದು. ರೋಗಿಯ ಹೆಸರನ್ನು ಅವನೋ ಅವನ ಮನೆಯವರೋ ಬಾಯಿಬಿಟ್ಟು ಹೇಳದೆ ಸೂಜಿ ಇಲ್ಲ, ಗುಳಿಗೆ ಇಲ್ಲ. ತಪ್ಪಾದರೆ ಅಂದೇ ಹೇಳಬೇಕು, ಹೇಳಿದವರ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಹೆಂಗಸರ ಬಾಯಿ ಬಿಡಿಸುವುದು ಮಾತ್ರ ಯಾವ ನರ್ಸಿಗೂ ಆಗಲಿಲ್ಲ. ಅದಕ್ಕೆ ದುರ್ಗಮ್ಮನನ್ನೇ ಆಯಾ ಕೆಲಸಕ್ಕೆ ಕರೆದರು. ಬುಟ್ಟಿ ನಾದಿನಿಗೆ ಕೊಟ್ಟು ಬಂದಳು.

ದಾಸ ಏನೆಂದ? ಅವಳು ಅಂಗಳದಲ್ಲಿ ಹೆಸರು ಹೇಳಿದ ದಿನವೇ ಕೇಳಿದ್ದ, ಮಂಚದಲ್ಲಿ ಒರಗಿಕೊಂಡು: "ನನ್ನ ಹೆಸ್ರು ಹೇಳ್ದ್ಯಂತೆ. ಇನ್ನೊಂದ್ಸಲ ಹೇಳು, ಹ್ಯಾಂಗೆ ಕೇಳ್ತದೆ ನೋಡ್ವ." ಅವಳು ಹೇಳಲಿಲ್ಲ, ಗಂಜಿ ಕುಡಿ ಎಂದಳು.

ಕೇರಿಯಲ್ಲಿ ಕೆಲವರು ಅವಳ ಜೊತೆ ಬಾವಿಕಟ್ಟೆಯಲ್ಲಿ ಮಾತು ಬಿಟ್ಟರು. ಅವಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಕುಮಟೆ, ಭಟ್ಕಳದ ಕಡೆಯಿಂದ ಬಂದ ಹೆಂಗಸರು ಸೆರಗು ಕಚ್ಚಿ ನಿಂತರೆ ಅವಳದು ಒಂದೇ ಮಾತು: "ಹೆಸ್ರು ಹೇಳಿರೆ ಗಂಡ ಸಾಯ್ತಾನಾ? ನಾನು ಇಡೀ ಊರಿಗೆ ಕೇಳೂಹಂಗೆ ಹೇಳ್ದೆ. ನನ್ನವ ಇನ್ನೂ ಬಲೆ ಎಳೀತ, ಜಗಳನೂ ಮಾಡ್ತ." ನಗುತ್ತ ನಗುತ್ತ ಹೆಸರು ಹೊರಬೀಳುತ್ತಿತ್ತು. ತಟ್ಟೆಯಲ್ಲಿದ್ದ ಗುಳಿಗೆ ಎಷ್ಟೋ ಸಲ ವಾಪಸು ಹೋಗಿ ಬೇರೆ ಗುಳಿಗೆ ಬಂದದ್ದುಂಟು. ಹೀಗೆ ಉಳಿದ ಜೀವಗಳ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಎಂಬತ್ತಾರರಲ್ಲಿ ದುರ್ಗಮ್ಮನೇ ಜ್ವರ ಹಿಡಿದು ಆ ವಾರ್ಡಿನಲ್ಲಿ ಮಲಗಿದಳು. ಸೂಜಿ ಹಿಡಿದು ಬಂದವಳು ಮಂಗಲಾ, ಆಗ ಎಲ್ಲ ನರ್ಸುಗಳ ಮೇಲಿನವಳು.

"ಹೆಸರು ಹೇಳು, ದುರ್ಗಕ್ಕ."

"ಎಂತದೇ, ಈಗ ನೀನೇ ಹೇಳ್ದ್ಯಲ್ಲೆ."

ಮಂಗಲಾ ನಗಲಿಲ್ಲ. ಸೂಜಿ ಮೇಲೆತ್ತಿ ನಿಂತೇ ಇದ್ದಳು. ದುರ್ಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಇವಳನ್ನು ಉಳಿಸಿಕೊಂಡದ್ದು ದಂಡವಾಗಲಿಲ್ಲ. ಮೊಣಕೈ ಊರಿ ಎದ್ದು ಕೂತು, ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು:

"ದುರ್ಗಮ್ಮ. ಮಂಕಿ ದಾಸನ ಹೆಂಡ್ತಿ."

ಆತು ಎಂದು ಮಂಗಲಾ ತೋಳು ಹಿಡಿದಳು.