ಉಮ್ಮು ಸಾಲಿಹ್ ಅವರ ಕುಟ್ಟಾಣಿ

ಆಗ ಮರಳುನಾಡಿನ ಉನೈಜಾ ಪೇಟೆಯ ಆಚೆ, ಖರ್ಜೂರದ ತೋಟಗಳ ನಡುವಿನ ಆ ಪುಟ್ಟ ಹಳ್ಳಿಯಲ್ಲಿ ಮಣ್ಣಿನ ಮನೆಗಳೇ ಹೆಚ್ಚು. ನಾನು ಅಪ್ಪನನ್ನು ಉಪ್ಪ, ಅಮ್ಮನನ್ನು ಉಮ್ಮ ಎನ್ನುತ್ತಿದ್ದೆ. ಉಪ್ಪನ ಅಂಗಡಿ ಪೇಟೆಯಲ್ಲಿ, ನಮ್ಮ ಬಾಡಿಗೆ ಮನೆ ಹಳ್ಳಿಯಲ್ಲಿ. ಮಂಗಳೂರಿನಿಂದ ಬಂದ ಉಮ್ಮನಿಗೂ ನನಗೂ ಅದು ಅಲ್ಲಿನ ಮೊದಲ ಬೇಸಿಗೆ. ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತು: ಇಳಿಹೊತ್ತಿನ ಅಸರ್ ನಮಾಝ್ ಮುಗಿದರೆ ಚಹಾ, ಆಮೇಲೆ ನನ್ನ ಮಗ್ಗಿ.

ಅದೇ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಉಮ್ಮು ಸಾಲಿಹ್ ಹಿತ್ತಾಳೆಯ ಕುಟ್ಟಾಣಿಯಲ್ಲಿ ಕಾಫಿಬೀಜ ಕುಟ್ಟುತ್ತಿದ್ದರು. ಆ ಟಣ್ ಟಣ್ ಕೇಳಿದವರು ಕದ ತಟ್ಟದೆ ಒಳಗೆ ಹೋಗಬಹುದು. ಹಿರಿಯರ ಕಾಲದಿಂದಲೂ ಹಳ್ಳಿಯ ಕರೆ ಎಂದರೆ ಅದೇ. ಏಲಕ್ಕಿಯ ಪರಿಮಳ ಗೋಡೆ ದಾಟಿ ಬರುತ್ತಿತ್ತು.

ಒಂದು ಸಂಜೆ ಪಡುವಣ ಬಾನು ಕಪ್ಪಾಯಿತು. ಉಮ್ಮನ ಮುಖ ಅರಳಿತು.

"ಮಳೆ ಮೋಳೇ, ಮಳೆ ಮಗಳೇ! ಪಾತ್ರೆಗಳನ್ನೆಲ್ಲ ತೆಗಿ."

"ತಾರಸಿ ಮೇಲೆ ಹೋಗ್ಬಾರ್ದು ಅಂತ ಉಪ್ಪ ಹೇಳಿದ್ದಾರೆ."

"ಅವರಿಗೆಂತ ಗೊತ್ತು? ಅವರು ಮಳೆ ನೋಡಿ ವರ್ಷಗಳೇ ಆಗಿವೆ."

ಉಮ್ಮ ಪಾತ್ರೆ ಹೊತ್ತು ತಾರಸಿ ಹತ್ತಿದಳು. ತಾರಸಿಯ ಅಂಚಿಗೆ ಗೋಡೆ ಇರಲಿಲ್ಲ.

ಬಂದದ್ದು ಮಳೆಯಲ್ಲ, ಮಣ್ಣು. ಕ್ಷಣದಲ್ಲಿ ನನ್ನ ಕೈ ನನಗೇ ಕಾಣದಾಯಿತು. ಮೆಟ್ಟಿಲ ಬುಡದಲ್ಲಿ ನಿಂತು "ಉಮ್ಮಾ" ಎಂದು ಕಿರುಚಿದೆ. ಬಾಯಿ ತುಂಬ ಮರಳು. ಮೇಲಿನಿಂದ ಏನೋ ಉರುಳಿ ಓಣಿಗೆ ಬಿತ್ತು. ಪಾತ್ರೆಯೋ, ಉಮ್ಮನೋ? ನೋಡಲು ಹೋಗದೆ ಮೆಟ್ಟಿಲನ್ನೇ ತಬ್ಬಿ ಹಿಡಿದೆ.

ಅಷ್ಟರಲ್ಲಿ ಗೋಡೆ ತಡವುತ್ತ ಉಮ್ಮು ಸಾಲಿಹ್ ಬಂದರು, ಕಂಕುಳಲ್ಲಿ ಕುಟ್ಟಾಣಿ. ನಾನು ಮೇಲಕ್ಕೆ ಬೆರಳು ತೋರಿಸಿದೆ. "ಬಸ್, ಬಸ್" ಎಂದು, ಕೂಗಿದ್ದು ಸಾಕೆಂಬಂತೆ, ನನ್ನ ಬಾಯಿಗೆ ಅಂಗೈ ಒತ್ತಿ ಸುಮ್ಮನಾಗಿಸಿದರು. ಮೆಟ್ಟಿಲ ಮೇಲೆ ಕುಳಿತು ಬೀಜವಿಲ್ಲದ ಬರಿದಾದ ಕುಟ್ಟಾಣಿಯನ್ನು ಕುಟ್ಟತೊಡಗಿದರು. ಟಣ್, ಟಣ್. ಕೈ ಸೋತರೂ ನಿಲ್ಲಿಸಲಿಲ್ಲ.

ಆ ಸದ್ದನ್ನೇ ಹಿಡಿದು ಉಮ್ಮ ಅಂಬೆಗಾಲಿಡುತ್ತ ಇಳಿದು ಬಂದಳು. ರೆಪ್ಪೆಯ ಮೇಲೂ ಕೆಂಪು ಮಣ್ಣು.

ಉಪ್ಪ ಬಂದು ರೇಗಿದರು. "ಮಳೆಗೂ ಮಣ್ಣಿಗೂ ವ್ಯತ್ಯಾಸ ಗೊತ್ತಿಲ್ವಾ ಮಾರಾಯ್ತಿ?"

"ನಿಮ್ಮ ಊರಿನ ಮೋಡ ಸುಳ್ಳು ಹೇಳಿದ್ರೆ ನಾನೆಂತ ಮಾಡ್ಲಿ?"

ಆ ಮಣ್ಣಿನ ಮನೆಗಳು ಈಗಿಲ್ಲ, ಉಮ್ಮು ಸಾಲಿಹ್ ಅವರೂ ಇಲ್ಲ. ನಾನೀಗ ಇರುವ ತಬೂಕ್ ನಗರದ ಫ್ಲ್ಯಾಟಿನಲ್ಲಿ ದೂಳೇಳುವ ಮೊದಲೇ ಮೊಬೈಲು ಎಚ್ಚರಿಸುತ್ತದೆ. ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಹೊತ್ತಿಗೆ ಸರಿಯಾಗಿ ಚಹಾ ಇಡುತ್ತೇನೆ. ಮೊನ್ನೆ ಅಂಥದೇ ಗಾಳಿಯಲ್ಲಿ ಮೇಲಿನ ಮಹಡಿಯಿಂದ ಏನೋ ಬಿದ್ದ ಸದ್ದಾಯಿತು. ಶುಂಠಿ ಜಜ್ಜುವ ಕುಟ್ಟಾಣಿ ಹಿಡಿದು ಬಾಗಿಲವರೆಗೆ ಹೋದೆ. ಅಲ್ಲೇ ನಿಂತೆ. ಮೇಲೆ ಯಾರಿದ್ದಾರೆಂದು ನನಗೆ ಗೊತ್ತಿಲ್ಲ. ಕುಟ್ಟಿದರೂ, ಇದು ಕರೆ ಎಂದು ಅವರಿಗೆ ಗೊತ್ತಾಗುವುದಿಲ್ಲ.