ಬಣ್ಣ ಬಿಡದ ನೀಲಿ ಗರಿ

ಹಕ್ಕಿಯ ಗರಿಯನ್ನು ಕುದಿಸಿ ಬಣ್ಣ ತೆಗೆಯಲು ಹೊರಟವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಮಸ್ಕಿಯ ಬಜಾರಿನಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ.

ಕುದಿಸಿದವರು ಖಾಸಿಂ ಚಾಚಾ. ಬಟ್ಟೆಗೆ ಬಣ್ಣ ಹಾಕುವುದು ಅವರ ಕಸುಬು. ಕುದಿಸಲು ಕಾರಣ ನನ್ನಕ್ಕ ಗಿರಿಜಾ. ಅವಳ ಮದುವೆ ಗೊತ್ತಾಗಿತ್ತು. ಅದನ್ನು ನೋಡಲು ಅವ್ವ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದಳು. ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಅವ್ವನ ರೇಷ್ಮೆ ಸೀರೆಯನ್ನೇ ಉಡುತ್ತೇನೆ ಎಂದು ಅಕ್ಕನ ಹಟ. ಸೀರೆಯೋ ಕೆನೆಬಿಳುಪು. ಬಿಳಿ ಸೀರೆಯ ಮದುಮಗಳೇ ಎಂದು ದೊಡ್ಡಮ್ಮ ತಕರಾರು ತೆಗೆದಳು. ಸರಿ, ಬಣ್ಣ ಹಾಕಿಸೋಣ. ಯಾವ ಬಣ್ಣ?

ಅಕ್ಕ ನೀಲಕಂಠ ಹಕ್ಕಿಯ ಗರಿಯೊಂದನ್ನು ಚಾಚಾನ ಮುಂದಿಟ್ಟಳು. ಮುಕ್ಕುಂದ ಊರಿನ ಭತ್ತದ ಗದ್ದೆಯ ಬದುವಿನಲ್ಲಿ ಸಿಕ್ಕಿದ್ದು.

“ಇದ ನೀಲಿ ಬೇಕ್ರಿ ಚಾಚಾ. ಅವ್ವಗ ಈ ಹಕ್ಕಿ ಅಂದ್ರ ಜೀವ ಇತ್ತು.”

ಚಾಚಾ ತಿರುಗಿಸಿ ತಿರುಗಿಸಿ ನೋಡಿದರು. “ಪುಡಿ ಬಣ್ಣದಾಗ ಇಂಥಾದು ಸಿಗಂಗಿಲ್ಲವ್ವ. ಗರಿ ಕುದಿಸಿ ನೋಡೂಣು. ಬಣ್ಣ ನೀರಿಗೆ ಇಳಿದ್ರ, ಏನೇನು ಕೂಡಸಬೇಕು ಗೊತ್ತಾಗತೈತಿ.”

ಕುದಿಸಿದರು. ನೀರು ತಿಳಿಯಾಗಿಯೇ ಉಳಿಯಿತು. ಸೋಡಾ ಹಾಕಿದರು. ಊಹೂಂ. (ಮದುವೆ ಮನೆಯ ಟೆನ್ಷನ್ ಸಾಲದೆಂದು ಇದೊಂದು.) ಕೊನೆಗೆ ಅಕ್ಕನನ್ನು ಕೇಳಿ ಅರ್ಧ ಗರಿ ಕತ್ತರಿಸಿ, ಸಣ್ಣ ಒರಳಿನಲ್ಲಿ ನುಣ್ಣಗೆ ಅರೆದರು. ಸಿಕ್ಕಿದ್ದು ಕಂದು ಪುಡಿ.

“ನೀಲಿ ಎಲ್ಲಿ ಹೋತು?” ಎಂದರು ಚಾಚಾ, ಮೆಲ್ಲಗೆ.

ಉಳಿದರ್ಧವನ್ನು ಬಾಗಿಲ ಬೆಳಕಿಗೆ ಅಡ್ಡ ಹಿಡಿದರು. ಅದೂ ಕಂದು. ಬೆಳಕು ಮೇಲೆ ಬೀಳುವಂತೆ ತಿರುಗಿಸಿದರೆ ಮತ್ತೆ ನೀಲಿ.

ನಾನಾಗ ಸಿಂಧನೂರಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿನಿ. ಜೀವಶಾಸ್ತ್ರದ ಮೇಡಂ ಹತ್ತಿರ ಓಡಿದೆ. ಅವರು ಹೇಳಿದ್ದನ್ನು ಬಂದು ಚಾಚಾಗೆ ಒಪ್ಪಿಸಿದೆ. ಆ ಗರಿಯಲ್ಲಿ ನೀಲಿ ಎಂಬ ವಸ್ತುವೇ ಇಲ್ಲ. ಗರಿಯಾಗಿರುವುದು ಕೆರಟಿನ್‌ನಿಂದ, ನಮ್ಮ ಉಗುರಿನಂತೆಯೇ. ಅದರೊಳಗೆ ಸ್ಪಂಜಿನ ಹಾಗೆ ಗಾಳಿಯ ಗೂಡುಗಳು. ಒಂದು ಕೂದಲಿನ ದಪ್ಪದಲ್ಲಿ ನೂರಾರು ಹಿಡಿಸುವಷ್ಟು ಸಣ್ಣವು. ಅವುಗಳಿಂದ ಚದುರಿದ ಬೆಳಕಿನಲ್ಲಿ ನೀಲಿಯ ಅಲೆಗಳು ಒಂದಕ್ಕೊಂದು ಬಲ ಕೊಟ್ಟು ಹೊರಬರುತ್ತವೆ. ಮಿಕ್ಕ ಬಣ್ಣಗಳನ್ನು ಕೆಳಗಿನ ಕಂದು ಪದರ ನುಂಗುತ್ತದೆ. ಅರೆದರೆ ಗೂಡು ಒಡೆಯಿತು. ನೀಲಿಯೂ ಹೋಯಿತು.

“ಹಂಗಾರ ನಾ ಅದರ ಮನಿ ಕೆಡವಿದೆ ಅನ್ನು” ಎಂದು ಚಾಚಾ ಸ್ಟೂಲಿನ ಮೇಲೆ ಕುಳಿತರು. ಆಮೇಲೆ ಸೀರೆಯನ್ನು ಅಕ್ಕನತ್ತ ಸರಿಸಿದರು. “ಒಯ್ಯವ್ವ. ಇದು ನನ್ನ ಕೈಲೆ ಆಗಂಗಿಲ್ಲ.”

ಅಕ್ಕ ಅದನ್ನು ವಾಪಸ್ ಸರಿಸಿದಳು. “ನಿಮ್ಮ ಕೈಲೆ ಆಗೋ ನೀಲಿನ ಹಾಕ್ರಿ. ನಾ ಅವ್ವನ ಸೀರಿ ಉಡಬೇಕಾಗೈತಿ, ಹಕ್ಕಿ ಆಗಬೇಕಾಗಿಲ್ಲ.”

ಸೀರೆ ಗರಿಗಿಂತ ಗಾಢವಾಗಿ ಬಂತು, ಅಂಚಿನಲ್ಲಿ ತುಸು ಮಾಸಲು. ಮದುವೆಯ ದಿನ ಅಕ್ಕ ಅದನ್ನುಟ್ಟು ಹೊರಬಂದಾಗ ತಕರಾರಿನ ದೊಡ್ಡಮ್ಮನೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಚಂದ ಎಂದರೆ ಇನ್ನೇನು?

ಮೊನ್ನೆ ಮಸ್ಕಿಗೆ ಹೋದಾಗ ಚಾಚಾ ಸಿಕ್ಕರು. ಮುದುಕರಾಗಿದ್ದಾರೆ, ಕೆಲಸ ಬಿಟ್ಟಿದ್ದಾರೆ. ಆ ಗೂಡುಗಳು ಹುಟ್ಟುವ ಬಗೆ ಈಚೆಗೆ ಓದಿದ್ದೆ, ಹೇಳಿದೆ. ಹಾಲು ಒಡೆದಾಗ ನೀರು, ಗಟ್ಟಿ ಬೇರೆಯಾಗುತ್ತವಲ್ಲ, ಹಾಗೆ ಬೆಳೆಯುವ ಗರಿಯ ಒಂದೊಂದು ಜೀವಕೋಶದೊಳಗೂ ಕೆರಟಿನ್ ತಾನಾಗಿ ಬೇರ್ಪಡುತ್ತದಂತೆ. ತಕ್ಕ ಗಾತ್ರಕ್ಕೆ ಬಂದೊಡನೆ ನಿಂತು ಗಟ್ಟಿಯಾಗುತ್ತದೆ. ಕೋಶ ಸಾಯುತ್ತದೆ, ನೀರು ಆರುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ನಿಲ್ಲುವುದು ಚೂರು ತಡವಾದರೂ ಆ ನೀಲಿ ಇಲ್ಲ.

ಚಾಚಾ ಕೇಳಿದರು:

“ಹಂಡೆ ಮುಂದ ಕಣ್ಣು ಬಿಟ್ಕೊಂಡು ನಿಂತು ನಾನ ಎಷ್ಟೋ ಸಲ ಬಟ್ಟಿ ತೆಗಿಯೋ ಹೊತ್ತು ತಪ್ಪೀನಿ. ಅಷ್ಟು ಸಣ್ಣ ಗೂಡಿನಾಗ, ‘ಇನ್ನ ಸಾಕು, ನಿಲ್ಲು’ ಅಂತ ಹೇಳಾವರು ಯಾರವ್ವ?”