ಯಜಮಾನರು ಬಂದು ಹಾಕಬೇಕಿದ್ದ ಮೋಟರ್

ನಮ್ಮ ಕಾರು ಕೆಟ್ಟಾಗ ನನಗೆ ಖುಷಿಯಾಯಿತು.

ನಗಬೇಡಿ. ಬ್ಯಾಟರಿ ಹೊಸದು, ಆದರೂ ಕೀ ತಿರುಗಿಸಿದರೆ ಬರೀ ಟಕ್ ಎನ್ನುತ್ತಿತ್ತು. ಪುಣೆಯಲ್ಲಿರುವ ಯಜಮಾನರಿಗೆ ಆ ಸದ್ದನ್ನು ಫೋನಿನಲ್ಲೇ ಕೇಳಿಸಿದೆ. "ಸ್ಟಾರ್ಟರ್ ಮೋಟರ್ ಹೋಗೈತೆ. ಯಾರ ಕೈಗೂ ಕೊಡಬ್ಯಾಡ, ಭಾನುವಾರ ನಾನೇ ಬಂದು ಹಾಕ್ತೀನಿ" ಎಂದರು.

ವೈಟ್‌ಫೀಲ್ಡಿನ ಫ್ಯಾಕ್ಟರಿಯವರು ಅವರನ್ನು ಪುಣೆಯ ಯೂನಿಟ್‌ಗೆ ಕಳಿಸಿದ ಮೇಲೆ ಮನೆಗೆ ಬರಲು ಒಂದು ಕಾರಣ ಬೇಕಾಗಿದೆ. (ಹೆಂಡತಿ ಇರುವುದು ಕಾರಣವಲ್ಲವೇ? ರಜೆ ಕೇಳುವಾಗ ಹಾಗೆ ಹೇಳಲಾಗುವುದಿಲ್ಲವಂತೆ!)

ಹೊಸ ಮೋಟರ್ ಆನ್‌ಲೈನಿನಲ್ಲಿ ಬಂತು. ನಾನು ವರ್ತೂರಿನಿಂದ ಆಫೀಸಿಗೆ ಬಸ್ಸಿನಲ್ಲಿ ನೇತಾಡಿದೆ. "ಮೆಕ್ಯಾನಿಕ್ ಕಳಿಸ್ಲಾ ಮೇಡಂ?" ಎಂದ ಪಕ್ಕದ ಮನೆಯವರಿಗೆ ಬೇಡವೆಂದೆ. ಶನಿವಾರ ಎಣ್ಣೆಗಾಯಿಗೆಂದು ಬದನೆಕಾಯಿ ತಂದಿಟ್ಟೆ.

ಸಂಜೆ ಫೋನ್ ಬಂತು. ರಜೆ ಇಲ್ಲ. "ನೀನೇ ಹಾಕು. ವಿಡಿಯೋದಾಗೆ ಹೇಳ್ತೀನಿ, ಅಂಥಾ ಕಷ್ಟ ಏನಿಲ್ಲ."

ಸಿಟ್ಟು ಬಂತು. ಎಣ್ಣೆಗಾಯಿ ಒಬ್ಬಳೇ ತಿಂದೆ.

ಬೆಳಿಗ್ಗೆ ಬಾನೆಟ್ ಎತ್ತಿ, ಫೋನನ್ನು ಪಕ್ಕದ ಸ್ಕೂಟರ್ ಮೇಲೆ ನಿಲ್ಲಿಸಿ ಬಗ್ಗಿದೆನೋ ಇಲ್ಲವೋ, ಅತ್ತಲಿಂದ ಕೂಗು: "ಏ, ಕರಡಿಗೆ! ಕರಡಿಗೆ!"

ಕೊರಳಿನಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬ್ಯಾಟರಿಯ ಮೇಲೆ ತೂಗಾಡುತ್ತಿತ್ತು. ಎರಡೂ ಟರ್ಮಿನಲ್‌ಗೆ ತಾಗಿದ್ದರೆ ಕಿಡಿ ಹಾರುತ್ತಿತ್ತು. ಇಂಥ ಕೆಲಸಕ್ಕೆ ಇಳಿಯುವಾಗ ಅವರು ತಮ್ಮ ಕರಡಿಗೆಯನ್ನು ಬೆನ್ನಿಗೆ ಸರಿಸುತ್ತಾರೆ. ಅದನ್ನು ಬನಿಯನ್ನಿನೊಳಗೆ ಸಿಕ್ಕಿಸುವುದು ನನ್ನ ಕೆಲಸ. ಈಗ ನನ್ನದನ್ನು ನಾನೇ ಒಳಗೆ ಸೇರಿಸಿಕೊಂಡೆ. ಆ ಬೆವರಿದ ಬೆನ್ನು ಎಷ್ಟು ನೆನಪಾಯಿತೆಂದರೆ, ಸ್ಪ್ಯಾನರ್ ಹಿಡಿದು ಸುಮ್ಮನೆ ನಿಂತುಬಿಟ್ಟೆ.

"ಏನಾತು?"

"ಏನಿಲ್ರೀ. ಮುಂದೆ ಹೇಳ್ರಿ."

ಬಳೆ, ಉಂಗುರ ತೆಗೆಸಿದರು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿದರು; ಆಮೇಲೆಯೇ ಮೋಟರಿನ ವೈರು, ಬೋಲ್ಟು. (ನಮ್ಮ ಕಾರಿನಲ್ಲಿ ಅದು ಮೇಲಿನಿಂದಲೇ ಕೈಗೆ ಸಿಗುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ, ಪ್ಲೀಸ್.) ಹೊಸದನ್ನು ಕೂರಿಸಿ, ನೆಗೆಟಿವ್ ಕೊನೆಗೆ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ ಕೀ ತಿರುಗಿಸಿದೆ. ಸ್ಟಾರ್ಟ್!

ನಾನು ಕುಣಿದೆ. ಅವರು ಅಲ್ಲಿ ಚಪ್ಪಾಳೆ ತಟ್ಟಿದರು. "ಶಭಾಷ್! ಹಂಗಾದ್ರೆ ಮುಂದಿನ ವಾರನೂ ನಾನು ಬರೋ ಅರ್ಜೆಂಟಿಲ್ಲ ಬಿಡು. ಹಬ್ಬಕ್ಕೇ ಬರ್ತೀನಿ."

ಮನೆಯಲ್ಲಿ ಫ್ರಿಜ್, ಮಿಕ್ಸಿ, ಗೀಸರ್ ಎಲ್ಲವೂ ಚೆನ್ನಾಗಿವೆ. ನೀವೇ ಹೇಳಿ, ಈಗ ಯಾವುದನ್ನು ಕೆಡಿಸಲಿ?